ಕಾಯುವುದು ಎಂಬ ಕೆಲಸ



ಮಾಟ್ಟು ಪೊಂಗಲ್ ದಿನ ಎಲ್ಲರೂ ಸೇರಿದಾಗ ಓದುವುದಕ್ಕೆ ಒಂದು ಧರ್ಮದ ಮಾತು ಬರೆದುಕೊಡಿ ಎಂದು ಹಿರಿಯರು ಹೇಳಿ ಕಳಿಸಿದಾಗ ನಾನು ಹಿಂಜರಿದೆ. ನಾನು ಸ್ವಾಮಿಯಲ್ಲ, ಪುರಾಣಿಕನೂ ಅಲ್ಲ. ದಿಂಡಿಗಲ್ ಕಡೆಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು. ನನಗೆ ಗೊತ್ತಿರುವ ಧರ್ಮವೆಂದರೆ ಮೇಷ್ಟ್ರ ಧರ್ಮ ಒಂದೇ, ಅದರಲ್ಲೂ ನಾನು ತಪ್ಪಿದ್ದೇನೆ. ಆ ತಪ್ಪನ್ನೂ ಸೇರಿಸಿ ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ಮನೆಯಲ್ಲಿ ಕನ್ನಡ ಆಡಿದರೂ ಕನ್ನಡ ಅಕ್ಷರ ಬಾರದವರು ನಮ್ಮಲ್ಲಿ ಹೆಚ್ಚು. ಓದಬಲ್ಲವರು ಯಾರಾದರೂ ಎದ್ದು ನಿಂತು ನಿಧಾನವಾಗಿ ಓದಿ ಹೇಳಲಿ.

ಇವತ್ತು ಕಂಬಂನ ನಂದಗೋಪಾಲನ ತೊಳುವಿನ, ಅಂದರೆ ದನದ ದೊಡ್ಡಿಯ, ಮುಂದೆ ಎಷ್ಟು ಜನ ಸೇರುತ್ತಾರೆ ಎಂದು ನಿಮಗೆ ಗೊತ್ತು. ಅಲ್ಲಿರುವುದು ದೇವರ ದನ. ತಮಿಳಿನಲ್ಲಿ ತಂಬಿರಾನ್ ಮಾಡು ಅನ್ನುತ್ತಾರೆ, ನಮ್ಮ ಹಳಬರು ದೇವರ ಆವು ಅನ್ನುತ್ತಿದ್ದರು. ಕನ್ನಡ ಸೀಮೆಯಿಂದ ಇಳಿದು ಬಂದ ನಮ್ಮ ಒಕ್ಕಲಿಗ ಹಿರಿಯರು ಈ ಕಣಿವೆಯಲ್ಲಿ ನೆಲೆ ನಿಂತ ಮೇಲೂ ಬಿಡದೆ ಉಳಿಸಿಕೊಂಡದ್ದು ಎರಡು: ಮನೆಯ ಮಾತು ಮತ್ತು ಈ ಮಂದೆ. ಮಂದೆಗೆ ಒಬ್ಬ ರಾಜ ಇರುತ್ತಾನೆ, ಪಟ್ಟದ ಹೋರಿ. ಅದು ತೀರಿಕೊಂಡರೆ ಇನ್ನೊಂದಕ್ಕೆ ಪಟ್ಟ ಕಟ್ಟಬೇಕು. ಹೇಗೆ ಆರಿಸುತ್ತಿದ್ದರು ಎನ್ನುವುದನ್ನು ನೂರು ವರ್ಷದ ಹಿಂದಿನ ಬ್ರಿಟಿಷ್ ಅಧಿಕಾರಿಗಳೂ ಬೆರಗಿನಿಂದ ಬರೆದಿಟ್ಟಿದ್ದಾರೆ. ಮಂದೆಯನ್ನೆಲ್ಲ ಒಂದೆಡೆ ಸೇರಿಸಿ, ಕರ್ಪೂರ ಹಚ್ಚಿ, ವೀಳ್ಯ ಇಟ್ಟು, ಮುಂದೆ ಒಂದು ಕಬ್ಬಿನ ಕಟ್ಟು ಇಡುವುದು. ಆಮೇಲೆ ಊರೆಲ್ಲ ಸುಮ್ಮನೆ ನಿಲ್ಲುವುದು. ಯಾವ ಹೋರಿ ತಾನಾಗಿ ಮುಂದೆ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದೇ ಪಟ್ಟಕ್ಕೆ ಬಂದಂತೆ.

ಅಲ್ಲಿ ನಿಂತಿದ್ದ ಹಿರಿಯರು ದನದ ವಿಷಯದಲ್ಲಿ ಏನೂ ತಿಳಿಯದವರಲ್ಲ. ಯಾವ ಹೋರಿಯ ಗೊರಸು ಗಟ್ಟಿ, ಯಾವುದರ ಭುಜ ಚೆನ್ನ ಎಂದು ಕಣ್ಣು ಮುಚ್ಚಿ ಹೇಳಬಲ್ಲವರು. ಆದರೂ ಅವರು ಬೆರಳು ತೋರಿಸಲಿಲ್ಲ, ಹಗ್ಗ ಹಿಡಿದು ಎಳೆಯಲಿಲ್ಲ. ಕಬ್ಬಿಟ್ಟು ಕಾದರು. ಹೋರಿ ಮುಂದೆ ಬಂದ ಮೇಲೆ ಅದರ ಮೇವು, ನೀರು, ರೋಗ ರುಜಿನ ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಂಡು ಕಾದರು.

ಎರಡು ಸಲ ಕಾದರು ಎಂದೆ. ಎರಡರ ಅರ್ಥ ಬೇರೆ. ನಮ್ಮ ಭಾಷೆಯಲ್ಲಿ ಬಸ್ಸಿಗೆ ಕಾಯುವುದೂ ಕಾಯುವುದೇ, ದನ ಕಾಯುವುದೂ ಕಾಯುವುದೇ. ಒಂದು ತಾಳ್ಮೆ, ಇನ್ನೊಂದು ಕಾವಲು. ಈ ಎರಡೂ ಒಂದೇ ಮಾತಿನಲ್ಲಿ ಕೂಡಿರುವುದು ನಮ್ಮ ಭಾಗ್ಯ. ಓದುವ ಮಕ್ಕಳಿಗೆ ದಾರಿ ತೋರುವವರ ಕೆಲಸ ಈ ಒಂದು ಮಾತಿನಲ್ಲಿದೆ ಎಂದು ಹೇಳುವುದಕ್ಕೇ ಇವತ್ತು ಬರೆಯುತ್ತಿದ್ದೇನೆ.

ದನ ಕಾದು ಜ್ಞಾನಿಯಾದ ಒಬ್ಬ ಹುಡುಗನ ಕಥೆ ಛಾಂದೋಗ್ಯ ಉಪನಿಷತ್ತಿನಲ್ಲಿದೆ. ಅವನ ಹೆಸರು ಸತ್ಯಕಾಮ. ಗುರುವಿನ ಹತ್ತಿರ ಓದಲು ಹೋಗಬೇಕು, ನನ್ನ ಗೋತ್ರ ಯಾವುದು ಎಂದು ತಾಯಿಯನ್ನು ಕೇಳುತ್ತಾನೆ. ತಾಯಿ ಜಬಾಲೆ ಮನೆಮನೆಯಲ್ಲಿ ಕೆಲಸ ಮಾಡಿ ಬದುಕಿದವಳು. ನನಗೆ ಗೊತ್ತಿಲ್ಲ ಮಗನೇ, ನನ್ನ ಹೆಸರು ಜಬಾಲೆ, ನಿನ್ನ ಹೆಸರು ಸತ್ಯಕಾಮ, ಸತ್ಯಕಾಮ ಜಾಬಾಲ ಎಂದೇ ಹೇಳು ಎನ್ನುತ್ತಾಳೆ. ಹುಡುಗ ಗೌತಮನ ಮುಂದೆ ನಿಂತು ಹಾಗೆಯೇ ಹೇಳುತ್ತಾನೆ. ಗುರು ಅವನ ಕುಲ ನೋಡಲಿಲ್ಲ, ಸತ್ಯ ನೋಡಿದ. ಸಮಿತ್ತು ತಾ, ನಿನ್ನನ್ನು ಸೇರಿಸಿಕೊಳ್ಳುತ್ತೇನೆ ಎಂದ.

ನಮ್ಮ ತಮಿಳುನಾಡಿನಲ್ಲಿ ಒಂದು ಸರ್ಟಿಫಿಕೇಟು ಇದೆ, ಮೊದಲ ಪದವೀಧರ ಎಂಬ ಪ್ರಮಾಣಪತ್ರ. ನಿಮ್ಮಲ್ಲಿ ಹಲವರು ಇ-ಸೇವೈ ಕೇಂದ್ರದಲ್ಲಿ ಅರ್ಜಿ ಹಾಕಿ, ತಾಲೂಕು ಕಚೇರಿಗೆ ಅಲೆದು ತಂದವರೇ. ಮನೆತನದಲ್ಲಿ ಈ ಮಗುವಿಗಿಂತ ಮೊದಲು ಯಾರೂ ಡಿಗ್ರಿ ಓದಿಲ್ಲ ಎಂದು ಸರ್ಕಾರ ಬರೆದುಕೊಡುತ್ತದೆ. ಇಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸುಗಳಿಗೆ ಸೇರುವ ಇಂಥ ಮಕ್ಕಳಿಗೆ 2010-11ರಿಂದ ಬೋಧನಾ ಶುಲ್ಕದ ರಿಯಾಯಿತಿ ಇದೆ. ಆ ಕಾಗದ ಕೈಗೆ ಬಂದಾಗಲೆಲ್ಲ ನನಗೆ ಜಬಾಲೆಯ ನೆನಪಾಗುತ್ತದೆ. ಈ ದಾರಿ ನಮಗೆ ಗೊತ್ತಿಲ್ಲ ಎಂದು ಮನೆಯವರು ಮುಚ್ಚುಮರೆಯಿಲ್ಲದೆ ಹೇಳಿದ ಮಾತಿಗೆ ತಾಲೂಕು ಕಚೇರಿಯ ಮುದ್ರೆ ಬಿದ್ದಿರುತ್ತದೆ, ಅಷ್ಟೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಗೊತ್ತಿಲ್ಲ ಎಂದವನನ್ನೇ ಗೌತಮ ಶಿಷ್ಯನನ್ನಾಗಿ ಮಾಡಿಕೊಂಡ. ಆದರೆ ಶುಲ್ಕದ ರಿಯಾಯಿತಿ ಕೊಟ್ಟ ಆ ಕಾಗದ ದಾರಿ ತೋರಿಸುವುದಿಲ್ಲ. ಅದನ್ನು ಹಿಡಿದು ಬಂದ ಮಗುವಿಗೆ ದಾರಿ ತೋರಿಸಬೇಕಾದವನು ಎದುರಿಗೆ ಕುರ್ಚಿಯಲ್ಲಿ ಕೂತಿರುವ ಮೇಷ್ಟ್ರು.

ಹಣದ ಕಷ್ಟ ಮೊದಲಿನಷ್ಟು ಇಲ್ಲ ಎಂದು ನಾನು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಆದರೂ ನೋಡಿ: ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜಿಗೆ ಸೇರಿದ ಹೆಣ್ಣುಮಕ್ಕಳಿಗೆ 2022ರಿಂದ ಪುದುಮೈ ಪೆಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಬರುತ್ತಿದೆ, ಗಂಡುಮಕ್ಕಳಿಗೆ 2024ರಿಂದ ತಮಿಳ್ ಪುದಲ್ವನ್ ಇದೆ. ಕಾಲೇಜುಗಳಿಗೂ ಬರವಿಲ್ಲ. ಉತ್ತಮಪಾಳ್ಯದ ಹೌದಿಯಾ ಕಾಲೇಜು 1956ರಿಂದ ಇದೆ. ಬೋಡಿಯಲ್ಲಿ ಏಲಕ್ಕಿ ಬೆಳೆಗಾರರ ಸಂಘದ ಕಾಲೇಜು, ಪೆರಿಯಕುಳದಲ್ಲಿ ತೋಟಗಾರಿಕೆ ಕಾಲೇಜು, ತೇನಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು, ಘಟ್ಟ ಹತ್ತಿದರೆ ಕೊಡೈಕೆನಾಲಿನಲ್ಲಿ ಹೆಣ್ಣುಮಕ್ಕಳ ವಿಶ್ವವಿದ್ಯಾಲಯ. ನಮ್ಮ ಕಂಬಂನಲ್ಲೇ ಶ್ರೀ ಆದಿಚುಂಚನಗಿರಿ ಮಹಿಳಾ ಕಾಲೇಜು ಇದೆ. ನಾಗಮಂಗಲದ ಬೆಟ್ಟದ ಮೇಲಿನ ಮಠದ ಹೆಸರನ್ನು ಕುಮುಳಿ ರಸ್ತೆಯಲ್ಲಿ ಬರೆಸಿಕೊಂಡಿದ್ದೇವೆ. ಕಬ್ಬು ಇದೆ. ಕಾಯುವವರು ಬೇಕು.

ಕಾಯುವವರಿಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ಪ್ಲಸ್ ಟು ರಿಸಲ್ಟ್ ಬಂದ ವಾರ ಯಾವುದಾದರೂ ಬ್ರೌಸಿಂಗ್ ಸೆಂಟರಿಗೆ ಹೋಗಿ ನೋಡಿ. ತೋಟದ ಕೆಲಸ ಅರ್ಧಕ್ಕೆ ಬಿಟ್ಟು ಬಂದ ಅಪ್ಪ ಹಿಂದೆ ನಿಂತಿರುತ್ತಾನೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು, ಆಧಾರ್. ಮಗಳು ಸ್ಟೂಲಿನ ಅಂಚಿನಲ್ಲಿ ಕೂತಿರುತ್ತಾಳೆ. ಕಂಪ್ಯೂಟರ್ ಮುಂದೆ ಕೂತ ಹುಡುಗ ತಲೆ ಎತ್ತದೆ ಕೇಳುತ್ತಾನೆ: "ಯಾವ ಕೋರ್ಸ್ ಹಾಕಲಿ?" ಅಪ್ಪ ಮಗಳ ಮುಖ ನೋಡುತ್ತಾನೆ, ಮಗಳು ಅಪ್ಪನ ಮುಖ. "ಎಲ್ಲರೂ ಏನು ಹಾಕ್ತಾರೋ ಅದೇ ಹಾಕಪ್ಪಾ." ನಾಲ್ಕು ವರ್ಷದ ಬದುಕು ಆ ಒಂದು ಕ್ಲಿಕ್ಕಿನಲ್ಲಿ ಮುಗಿಯಿತು. ಅದರಲ್ಲಿ ಸೆಂಟರಿನ ಹುಡುಗನ ತಪ್ಪೇನಿಲ್ಲ. ಅವನದು ಟೈಪು ಮಾಡುವ ಕೆಲಸ. ಸಲಹೆ ಕೊಡುವವರೆಲ್ಲ ಜಾಗ ಬಿಟ್ಟು ಎದ್ದದ್ದರಿಂದ ಆ ಕುರ್ಚಿ ಅವನ ಪಾಲಿಗೆ ಬಂದಿದೆ.

ಈ ಸೀಟು ಹಂಚುವ ಕೆಲಸಕ್ಕೆ ನಮ್ಮಲ್ಲಿ ಕೌನ್ಸೆಲಿಂಗ್ ಎಂದು ಹೆಸರು. ನೋಡಿ, ಮಾತು ಎಷ್ಟು ಸವೆದುಹೋಗಿದೆ! ಇಂಜಿನಿಯರಿಂಗ್ ಪ್ರವೇಶ 2018ರಿಂದ ಆನ್‌ಲೈನ್ ಆದ ಮೇಲೆ ಈ ಕೌನ್ಸೆಲಿಂಗ್‌ನಲ್ಲಿ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಎದುರು ಕೂರುವ ಪ್ರಸಂಗವೇ ಇಲ್ಲ. ಇದಕ್ಕೆ ತಮಿಳಿನವರು ಇಟ್ಟ ಹೆಸರು ಕಲಂದಾಯ್ವು. ಆ ಮಾತನ್ನು ನಮ್ಮ ಕಿವಿಯಿಂದ ಕೇಳಿ: ಕಲೆತು ಆಯುವುದು. ಆಯುವುದೆಂದರೆ ಗೊತ್ತಲ್ಲ, ತಾಯಂದಿರೇ? ಮೊರದಲ್ಲಿ ಅಕ್ಕಿ ಹರಡಿಕೊಂಡು ಇಬ್ಬರು ಎದುರುಬದುರು ಕೂತು ಕಲ್ಲು ಹೆಕ್ಕುವ ಹಾಗೆ. ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಗುತ್ತದೆ. ಅಕ್ಕಿ ಮಗುವಿನದು, ಊಟವೂ ಮಗುವಿನದು. ಮೇಷ್ಟ್ರು ಎದುರಿಗೆ ಕೂತು ಕೈಗೂಡಿಸುವವನು. ಮೊರವನ್ನೇ ಕಸಿದುಕೊಂಡು ತಾನೇ ಆಯ್ದು, ತಾನೇ ಬೇಯಿಸಿ, ಉಣ್ಣು ಎಂದು ಬಡಿಸಿದರೆ ಆ ಮಗುವಿಗೆ ಕಲ್ಲು ಯಾವುದು, ಅಕ್ಕಿ ಯಾವುದು ಎಂದು ಯಾವತ್ತಿಗೂ ತಿಳಿಯುವುದಿಲ್ಲ.

ಕಾಯುವ ಧರ್ಮಕ್ಕೆ ದೂರದ ಉದಾಹರಣೆ ಬೇಡ. ದಿಂಡಿಗಲ್ಲಿನಿಂದ ಮಧುರೆ ರಸ್ತೆಯಲ್ಲಿ ಹೋಗುವಾಗ ಸಿರುಮಲೈ ಬೆಟ್ಟದ ಬುಡದಲ್ಲಿ ಗಾಂಧಿಗ್ರಾಮ ಸಿಗುತ್ತದೆ. 1947ರಲ್ಲಿ ಅದನ್ನು ಕಟ್ಟಿದವರು ಡಾಕ್ಟರ್ ಸೌಂದರಂ ಮತ್ತು ಜಿ. ರಾಮಚಂದ್ರನ್. 1976ರಲ್ಲಿ ಅಲ್ಲಿಯ ಗ್ರಾಮೀಣ ಸಂಸ್ಥೆ ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಿತು. ಆ ದಂಪತಿಗಳ ಬದುಕಿನ ಹಿಂದೆ ಒಬ್ಬ ಸಲಹೆಗಾರ ಇದ್ದ.

ರಾಮಚಂದ್ರನ್ ಶಾಂತಿನಿಕೇತನದ ವಿದ್ಯಾರ್ಥಿ. 1924ರಲ್ಲಿ ದೆಹಲಿಯಲ್ಲಿ ಗಾಂಧೀಜಿಯನ್ನು ಕಂಡ. ಗಾಂಧೀಜಿ ಉಪವಾಸದಿಂದ ಸೊರಗಿದ್ದ ದಿನಗಳು. ಹುಡುಗ ಮುಲಾಜಿಲ್ಲದೆ ಪ್ರಶ್ನೆ ಹಾಕಿದ: ನಿಮ್ಮ ದಾರಿಯಲ್ಲಿ ಕಲೆಗೆ, ಸೌಂದರ್ಯಕ್ಕೆ ಜಾಗವೇ ಇಲ್ಲವೇ? ಒಂದರ ಮೇಲೊಂದು ಸಂಶಯ ಎತ್ತಿದ. ದೇಶವೇ ಬಾಗಿಲಲ್ಲಿ ನಿಂತಿದ್ದ ಆ ಮನುಷ್ಯ, ಇಪ್ಪತ್ತರ ಆಸುಪಾಸಿನ ಆ ವಿದ್ಯಾರ್ಥಿಗೆ ಕೂತು ಉತ್ತರ ಹೇಳಿದರು. ಮಹದೇವ ದೇಸಾಯಿ ಬರೆದುಕೊಂಡ ಆ ಮಾತುಕತೆ ಯಂಗ್ ಇಂಡಿಯಾದಲ್ಲಿ ಅಚ್ಚಾಗಿದೆ.

ಸೌಂದರಂ ಟಿ.ವಿ. ಸುಂದರಂ ಅಯ್ಯಂಗಾರರ ಮಗಳು, ಟಿವಿಎಸ್ ಕಂಪನಿಯ ಮನೆತನ. ಎಳೆಯ ವಯಸ್ಸಿನಲ್ಲೇ ಮದುವೆ, ಎಳೆಯ ವಯಸ್ಸಿನಲ್ಲೇ ವೈಧವ್ಯ. ಆಮೇಲೆ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಓದಿ ಡಾಕ್ಟರಾದರು. ಇವರಿಬ್ಬರೂ ಮದುವೆಯಾಗಬೇಕೆಂದಾಗ ಮನೆಯವರು ಒಪ್ಪಲಿಲ್ಲ. ಜಾತಿ ಬೇರೆ, ಪ್ರಾಂತ ಬೇರೆ, ಹೆಣ್ಣು ವಿಧವೆ. ವಿಷಯ ಗಾಂಧೀಜಿಯ ಮುಂದೆ ಬಂತು. ಆಗಲಿ ಎನ್ನಬಹುದಿತ್ತು, ಬೇಡ ಎನ್ನಬಹುದಿತ್ತು. ಅವರ ಮಾತನ್ನು ಇಬ್ಬರೂ ಮೀರುವವರಲ್ಲ. ಅವರು ಎರಡನ್ನೂ ಹೇಳದೆ, ಒಂದು ವರ್ಷ ಒಬ್ಬರಿಂದೊಬ್ಬರು ದೂರ ಇರಿ, ಆಮೇಲೂ ಮನಸ್ಸು ಹಾಗೆಯೇ ಇದ್ದರೆ ಮದುವೆಯಾಗಿ ಎಂದರು. ವರ್ಷ ಕಳೆಯಿತು, ಮನಸ್ಸು ಅಲುಗಲಿಲ್ಲ. 1940ರಲ್ಲಿ ಮದುವೆಯಾಯಿತು. ಗಾಂಧೀಜಿ ಮುಂದಿಟ್ಟ ಕಬ್ಬು ಆ ಒಂದು ವರ್ಷ. ಆರಿಸಿಕೊಂಡವರು ಅವರಿಬ್ಬರು. ತಾವೇ ಆರಿಸಿಕೊಂಡದ್ದರಿಂದ ಅದರ ಭಾರವನ್ನೂ ತಾವೇ ಹೊತ್ತರು. ಅಂಥ ಭಾರ ಹೊತ್ತು ಅಭ್ಯಾಸವಾದ ಹೆಗಲಿನ ಮೇಲೆ ಒಂದು ಇಡೀ ಸಂಸ್ಥೆ ನಿಂತಿತು.

ಪ್ರಶ್ನೋಪನಿಷತ್ತಿನ ಪಿಪ್ಪಲಾದ ಮುನಿಯೂ ಇದನ್ನೇ ಮಾಡಿದ. ಆರು ಜನ ಪ್ರಶ್ನೆ ಹೊತ್ತು ಬಂದಾಗ, ಒಂದು ವರ್ಷ ಇಲ್ಲಿರಿ, ಆಮೇಲೆ ಕೇಳಿ, ನನಗೆ ಗೊತ್ತಿದ್ದರೆ ಹೇಳುತ್ತೇನೆ ಎಂಬ ಭಾವದ ಮಾತಾಡಿದ. ಗೊತ್ತಿದ್ದರೆ! ಇಷ್ಟು ದೊಡ್ಡ ಗುರುವಿನ ಬಾಯಲ್ಲಿ ಈ ಮಾತು ಬರುತ್ತದೆ. ನಾವು ಮೇಷ್ಟ್ರುಗಳು ಮಾತ್ರ ಮಗು ಬಾಗಿಲಿಗೆ ಬರುವ ಮೊದಲೇ ಉತ್ತರ ಸಿದ್ಧ ಮಾಡಿಟ್ಟುಕೊಂಡಿರುತ್ತೇವೆ. ಹೆಣ್ಣುಮಗುವಾದರೆ ಬಿ.ಎಡ್., ಗಂಡುಮಗುವಾದರೆ ಬ್ಯಾಂಕ್ ಪರೀಕ್ಷೆ.

ಮತ್ತೆ ಸತ್ಯಕಾಮನ ಕಥೆಗೆ ಬರೋಣ. ಗೌತಮ ಅವನನ್ನು ಸೇರಿಸಿಕೊಂಡು ಮಾಡಿದ ಮೊದಲ ಕೆಲಸ ಪಾಠ ಹೇಳಿದ್ದಲ್ಲ. ಸೊರಗಿದ ನಾನೂರು ಹಸುಗಳನ್ನು ಆರಿಸಿ ಕೊಟ್ಟು, ಇವುಗಳ ಹಿಂದೆ ಹೋಗು ಎಂದ. ಸಾವಿರವಾಗದೆ ಹಿಂದಿರುಗುವುದಿಲ್ಲ ಎಂದದ್ದು ಹುಡುಗ. ಗುರಿ ಇಟ್ಟುಕೊಂಡವನು ಶಿಷ್ಯ, ಗುರುವಲ್ಲ. ವರ್ಷಗಟ್ಟಲೆ ಕಾಡಿನಲ್ಲಿ ದನ ಕಾದ. ಸಾವಿರವಾದ ದಿನ ಮಂದೆಯ ಹೋರಿ ಅವನೊಡನೆ ಮಾತಾಡಿ ಬ್ರಹ್ಮದ ಒಂದು ಪಾದ ಹೇಳಿಕೊಟ್ಟಿತು. ಆಮೇಲೆ ಬೆಂಕಿ, ಹಂಸ, ಒಂದು ನೀರುಹಕ್ಕಿ ಒಂದೊಂದು ಪಾದ ಹೇಳಿದವು. ಮನೆಗೆ ಬಂದಾಗ ಗುರು ಅವನ ಮುಖ ನೋಡಿ, ತಿಳಿದವನ ಹಾಗೆ ಹೊಳೆಯುತ್ತಿದ್ದೀಯಲ್ಲ, ಯಾರು ಹೇಳಿಕೊಟ್ಟರು ಎಂದು ಕೇಳಿದ. ನನಗಿಂತ ಮೊದಲು ನಿನಗೆ ಹೇಳಿದವರು ಯಾರು ಎಂಬ ಅಸೂಯೆ ಅದರಲ್ಲಿಲ್ಲ. ಮುಖ ನೋಡಿ ಗುರುತಿಸಿದನಲ್ಲ, ಅದು ದೊಡ್ಡದು. ಇಷ್ಟು ವರ್ಷ ಕಾದು ಕೂತವನಿಗೆ ಮಾತ್ರ ಆ ಮುಖದ ಮೊದಲಿನ ಬಣ್ಣ ನೆನಪಿರುತ್ತದೆ.

ಇಲ್ಲಿಗೆ ಕಥೆ ಮುಗಿಸಿ ಮಂಗಳ ಹಾಡುವವರೇ ಹೆಚ್ಚು. ಆದರೆ ಉಪನಿಷತ್ತು ಮುಗಿಸುವುದಿಲ್ಲ. ಪುಟ ತಿರುವಿದರೆ ಇದೇ ಸತ್ಯಕಾಮ ಗುರುವಾಗಿ ಕೂತಿದ್ದಾನೆ. ಅವನ ಹತ್ತಿರ ಉಪಕೋಸಲ ಎಂಬ ಶಿಷ್ಯ. ಹನ್ನೆರಡು ವರ್ಷ ಗುರುವಿನ ಅಗ್ನಿಗಳನ್ನು ನೋಡಿಕೊಂಡ. ಜೊತೆಯವರನ್ನೆಲ್ಲ ಗುರು ಓದು ಮುಗಿಸಿ ಮನೆಗೆ ಕಳಿಸಿದ, ಇವನನ್ನು ಮಾತ್ರ ಕಳಿಸಲಿಲ್ಲ. ಗುರುಪತ್ನಿಗೆ ಇದು ಕಾಣಿಸಿತು. ಹುಡುಗ ಬೇಕಾದಷ್ಟು ದುಡಿದಿದ್ದಾನೆ, ಅವನಿಗೆ ಹೇಳಬೇಕಾದ್ದನ್ನು ಹೇಳಿ ಎಂದಳು. ಸತ್ಯಕಾಮ ಏನೂ ಹೇಳದೆ ಪ್ರಯಾಣ ಹೊರಟುಹೋದ. ಹುಡುಗ ಉಣ್ಣುವುದನ್ನು ಬಿಟ್ಟ. ಯಾಕಪ್ಪಾ ಉಣ್ಣುತ್ತಿಲ್ಲ ಎಂದು ಆಕೆಯೇ ಹೋಗಿ ಕೇಳಿದಾಗ, ಒಳಗೆಲ್ಲ ನೋವು ತುಂಬಿದೆ ತಾಯೀ, ನನಗೆ ಊಟ ಬೇಡ ಎಂದ.

ಅಷ್ಟು ಒಳ್ಳೆಯ ಗುರುವಿನ ಕೈಯಲ್ಲಿ ಬೆಳೆದವನು ತಾನು ಗುರುವಾದಾಗ ತನ್ನ ಶಿಷ್ಯನ ತಟ್ಟೆ ಖಾಲಿಯಾಗದೆ ಉಳಿದದ್ದನ್ನು ನೋಡಲಿಲ್ಲ. ತಾಳ್ಮೆ ಇತ್ತು, ಕಾವಲು ಇರಲಿಲ್ಲ. ಕೊನೆಗೆ ಆ ಹುಡುಗ ಸಾಕಿದ ಬೆಂಕಿಗಳೇ ಕನಿಕರಪಟ್ಟು ಅವನಿಗೆ ಪಾಠ ಹೇಳಿದವು. ಗುರು ತಿರುಗಿ ಬಂದ ಮೇಲೆ ಉಳಿದ ದಾರಿ ತೋರಿಸಿದ.

ಈಗ ನನ್ನ ತಪ್ಪು ಹೇಳುತ್ತೇನೆ.

ನಮ್ಮ ಕಾಲೇಜುಗಳಲ್ಲಿ ಪ್ರತಿ ಮೇಷ್ಟ್ರಿಗೂ ಇಪ್ಪತ್ತೋ ಮೂವತ್ತೋ ವಿದ್ಯಾರ್ಥಿಗಳನ್ನು ಹಂಚುತ್ತಾರೆ. ಅವರ ಹೆಸರಿನಲ್ಲಿ ಒಂದು ಪುಸ್ತಕ ಇರುತ್ತದೆ. ಫೋಟೊ, ರಕ್ತದ ಗುಂಪು, ಅಪ್ಪನ ಫೋನ್ ನಂಬರು, ಪಾಸಾಗದೆ ಉಳಿದ ಅರಿಯರ್ ಪೇಪರು ಎಷ್ಟು, ಯಾವ ದಿನ ಕರೆದು ಮಾತಾಡಿದೆ, ಏನು ಸಲಹೆ ಕೊಟ್ಟೆ, ಕೆಳಗೆ ಇಬ್ಬರ ಸಹಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ಸಂಜೆ ನಾನು ಆರು ತಿಂಗಳ ಸಲಹೆಯನ್ನು ಒಂದೇ ಪೆನ್ನಿನಲ್ಲಿ ಬರೆದು ಮುಗಿಸಿದವನು. "ಚೆನ್ನಾಗಿ ಓದಲು ಹೇಳಲಾಯಿತು" ಎಂದು ಮೂವತ್ತು ಪುಟದಲ್ಲಿ ಮೂವತ್ತು ಸಲ.

ಅದೇ ವರ್ಷ, ನನ್ನ ಪುಸ್ತಕದಲ್ಲಿದ್ದ ಎರಡನೇ ವರ್ಷದ ಒಬ್ಬ ಹುಡುಗ ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಈ ಕಣಿವೆಯವನೇ, ನಮ್ಮ ಮಾತಿನವನೇ. ಮನೆ ಮಾತು ಆಡುವ ಮೇಷ್ಟ್ರು ಎಂದು ಧೈರ್ಯ ಮಾಡಿ ಬಂದಿದ್ದ. "ಸಾರ್, ಒಂದು ವಿಷಯ ಕೇಳಬೇಕಿತ್ತು" ಎಂದ, ಕನ್ನಡದಲ್ಲಿ. ನಾನು ಅದೇ ಪುಸ್ತಕವನ್ನು ತುಂಬುತ್ತಿದ್ದೆ. "ಆಮೇಲೆ ಬಾರೋ" ಎಂದೆ. ಅವನು ಒಂದು ಕ್ಷಣ ನಿಂತ, ಹೋದ. ಎರಡು ದಿನ ಕಳೆದು ಹಾಸ್ಟೆಲಿನ ಅಡುಗೆಯ ಅಕ್ಕ ಗೇಟಿನ ಹತ್ತಿರ ಸಿಕ್ಕಾಗ ಹೇಳಿದರು: "ಆ ಕಂಬಂ ತಮ್ಮ ಸರಿಯಾಗಿ ಉಣ್ಣುತ್ತಿಲ್ಲ ಸಾರ್. ತಟ್ಟೆ ಹಾಗೇ ವಾಪಸ್ ಇಡ್ತಾನೆ." ಮನೆ ನೆನಪಾಗಿರಬೇಕು ಎಂದು ಹೇಳಿ ಬಸ್ಸು ಹತ್ತಿದೆ. ಮುಂದಿನ ವಾರ ಅವನ ಬೆಂಚು ಖಾಲಿಯಾಗಿತ್ತು.

ಎಂಟು ವರ್ಷ ಆದ ಮೇಲೆ ದ್ರಾಕ್ಷಿ ಮಂಡಿಯಲ್ಲಿ ಅವನು ಸಿಕ್ಕಿದ. ಪನ್ನೀರ್ ದ್ರಾಕ್ಷಿಯ ಪೆಟ್ಟಿಗೆ ತೂಗುತ್ತಿದ್ದ. ನನ್ನನ್ನು ನೋಡಿ ಕೈ ಒರೆಸಿಕೊಂಡು ಬಂದು, ಟೀ ತರಿಸಿದ. ಅವತ್ತು ಏನು ಕೇಳಲು ಬಂದಿದ್ದೆ ಎಂದು ನಾನೇ ಕೇಳಿದೆ. ಅವನು ನಕ್ಕ. "ಮೂರು ಅರಿಯರ್ ಇತ್ತು ಸಾರ್. ಅಷ್ಟು ಇದ್ರೆ ಮೂರನೇ ವರ್ಷಕ್ಕೆ ಬಿಡ್ತಾರಾ ಇಲ್ಲವಾ ಅಂತ ಕೇಳೋಣ ಅಂತಿದ್ದೆ. ಬಿಡೋದಿಲ್ಲ ಅಂತ ಯಾರೋ ಹೇಳಿದ್ರು. ಅಪ್ಪನಿಗೆ ಹೇಳೋಕೆ ಆಗಲಿಲ್ಲ."

ನಮ್ಮ ಕಾಲೇಜಿನ ನಿಯಮದಲ್ಲಿ ಬಿಡುತ್ತಿದ್ದರು. ಮೂರನೇ ವರ್ಷ ಓದುತ್ತಲೇ ಆ ಮೂರು ಪೇಪರು ಮತ್ತೆ ಬರೆಯಬಹುದಿತ್ತು. ಇದನ್ನು ಹೇಳಲು ನನಗೆ ಒಂದು ನಿಮಿಷ ಸಾಕಿತ್ತು. ಅವನ ಪುಟದಲ್ಲೂ ನಾನು ಬರೆದಿದ್ದೆ, ಚೆನ್ನಾಗಿ ಓದಲು ಹೇಳಲಾಯಿತು ಎಂದು. ಅವನ ಸಹಿಯೂ ಇತ್ತು. ಖಾಲಿ ಪುಟಕ್ಕೆ ಮೊದಲೇ ಹಾಕಿಸಿಕೊಂಡಿದ್ದೆ.

ಅವನು ಈಗ ಚೆನ್ನಾಗಿದ್ದಾನೆ, ವ್ಯಾಪಾರ ನಡೆಯುತ್ತಿದೆ. ಅದು ಅವನ ಗಟ್ಟಿತನ, ನನ್ನ ಪುಣ್ಯವಲ್ಲ. ಹಾಗೆ ಉಣ್ಣುವುದು ಬಿಟ್ಟ ಎಲ್ಲ ಮಕ್ಕಳೂ ಮಂಡಿಗೆ ಬಂದು ಟೀ ತರಿಸುವುದಿಲ್ಲ ಎನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ನೀಟ್‌ಗೆ ಓದುತ್ತಿದ್ದ ಒಬ್ಬ ಹುಡುಗಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಜುಲೈಯಲ್ಲಿ ದೇಶದ ವಿದ್ಯಾಸಂಸ್ಥೆಗಳಿಗೆಲ್ಲ ಅನ್ವಯಿಸುವ ನಿರ್ದೇಶನ ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಾದ ಒಬ್ಬ ಸಮಾಲೋಚಕರಾದರೂ ಇರಬೇಕು, ಮಕ್ಕಳನ್ನು ಸಣ್ಣ ಗುಂಪು ಮಾಡಿ ಪರೀಕ್ಷೆಯ ಕಾಲದಲ್ಲಿ ನೋಡಿಕೊಳ್ಳಲು ಜನ ಇರಬೇಕು ಎಂದಿತು. ಒಳ್ಳೆಯದೇ. ಆದರೆ ತಟ್ಟೆ ಖಾಲಿಯಾಗದೆ ವಾಪಸ್ ಬಂದದ್ದು ಮೊದಲು ಕಾಣುವುದು ಅಡುಗೆಯ ಅಕ್ಕನಿಗೆ. ಅವರ ಮಾತು ಕೇಳಿಸಿಕೊಳ್ಳುವ ಮೇಷ್ಟ್ರು ಬೇಕು. ಸತ್ಯಕಾಮ ತನ್ನ ಹೆಂಡತಿಯ ಮಾತನ್ನು ಕೇಳಿಸಿಕೊಳ್ಳಲಿಲ್ಲ, ನಾನು ಆ ಅಕ್ಕನ ಮಾತನ್ನು.

ಹಾಗಾದರೆ ನಾವು ಮಾಡಬೇಕಾದ್ದು ಏನು? ನಾನು ಕಲಿತದ್ದಿಷ್ಟು.

ಮೇಷ್ಟ್ರುಗಳೇ, ಬಾಗಿಲಲ್ಲಿ ನಿಂತ ಮಗುವಿಗೆ ಆಮೇಲೆ ಬಾ ಎನ್ನಬೇಡಿ. ಎನ್ನಲೇಬೇಕಾದರೆ ಇಂಥ ದಿನ, ಇಷ್ಟು ಹೊತ್ತಿಗೆ ಎಂದು ಹೇಳಿ, ಆ ಹೊತ್ತಿಗೆ ನೀವೇ ಕಾದಿರಿ. ಮೊದಲು ಕೇಳಿ, ಆಮೇಲೆ ಹೇಳಿ. ಗೊತ್ತಿಲ್ಲದ್ದಕ್ಕೆ ಪಿಪ್ಪಲಾದನ ಹಾಗೆ ಗೊತ್ತಿಲ್ಲ ಎನ್ನಿ, ಗೊತ್ತಿರುವವರ ಹತ್ತಿರ ಕಳಿಸಿ. ದ್ರಾಕ್ಷಿ ಬೆಳೆಯುವವರು ನಿಮ್ಮಲ್ಲೇ ಇದ್ದೀರಿ. ಎಳೆ ಬಳ್ಳಿಯನ್ನು ಕೋಲಿಗೆ ಕಟ್ಟಿ ಚಪ್ಪರದವರೆಗೆ ಹತ್ತಿಸುತ್ತೀರಿ. ಚಪ್ಪರ ಮುಟ್ಟುವ ಹೊತ್ತಿಗೆ ಕುಡಿ ಚಿವುಟುತ್ತೀರಿ, ಅದು ಕವಲೊಡೆದು ತನಗೆ ಬೇಕಾದ ಕಡೆ ಹರಡಲಿ ಎಂದು. ಕೋಲು ಎಲ್ಲಿಯವರೆಗೆ ಬೇಕು ಎನ್ನುವುದು ನಿಮಗೆ ನಾನು ಹೇಳಬೇಕಾಗಿಲ್ಲ.

ಅಪ್ಪ ಅವ್ವಂದಿರೇ, ಜಬಾಲೆಯಂತೆ ಇರಿ. ಗೊತ್ತಿಲ್ಲ ಎಂದು ಹೇಳುವುದಕ್ಕೆ ಹಿಂಜರಿಯಬೇಡಿ, ಗೊತ್ತಿಲ್ಲ ಎಂಬ ಕಾರಣಕ್ಕೆ ತಡೆಯಲೂ ಬೇಡಿ. ಆಕೆ ಮಗನಿಗೆ ಕೊಟ್ಟದ್ದು ತನ್ನ ಹೆಸರನ್ನು. ಮಗು ಮೂರು ಪೇಪರು ಹೋಯಿತು ಎಂದು ಬಂದು ಹೇಳಿದರೆ ಮೊದಲು ಉಣ್ಣಲು ಬಡಿಸಿ, ಬೈಗುಳ ಆಮೇಲೆ ಇದ್ದೇ ಇದೆ. ಆ ಹುಡುಗ ನನ್ನ ಬಾಗಿಲಿಗೆ ಬಂದದ್ದು, ಅಪ್ಪನ ಬಾಗಿಲು ಅದಕ್ಕಿಂತ ಮೊದಲೇ ಮುಚ್ಚಿದೆ ಎಂದು ಅವನಿಗೆ ಅನ್ನಿಸಿದ್ದರಿಂದ.

ಮಕ್ಕಳೇ, ಯಾರೋ ಹೇಳಿದರು ಎಂಬ ಮಾತನ್ನು ನಂಬಿ ದಾರಿ ಬಿಡಬೇಡಿ. ಒಬ್ಬ ಮೇಷ್ಟ್ರು ಆಮೇಲೆ ಬಾ ಎಂದರೆ ಇನ್ನೊಬ್ಬರ ಬಾಗಿಲಿಗೆ ಹೋಗಿ. ಸತ್ಯಕಾಮನಿಗೆ ಹೋರಿ, ಬೆಂಕಿ, ಹಕ್ಕಿಗಳು ಪಾಠ ಹೇಳಿದವು. ನಿಮಗೆ ಲೈಬ್ರರಿಯವರು, ಸೀನಿಯರ್ ಅಕ್ಕ, ಆಫೀಸಿನ ಕ್ಲರ್ಕು ಹೇಳಬಹುದು. ಒಳಗೆ ನೋವು ತುಂಬಿ ಊಟ ಸೇರದ ದಿನ ಬಂದರೆ ಯಾರಿಗಾದರೂ ಹೇಳಿ. ಹೇಳುವವರು ಯಾರೂ ಇಲ್ಲ ಅನ್ನಿಸಿದ ರಾತ್ರಿ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಬೇಡ, ಹಗಲು ರಾತ್ರಿ ಯಾರಾದರೂ ಎತ್ತುತ್ತಾರೆ.

ಇವತ್ತು ದನಗಳಿಗೆ ಮೇವು ಕೊಟ್ಟು, ಪೊಂಗಲ್ ಉಂಡ ಮೇಲೆ ನಾನು ದೇವಸ್ಥಾನದ ಜಗಲಿಯಲ್ಲಿ ಕೂತಿರುತ್ತೇನೆ. ನಮ್ಮಲ್ಲಿ ಓದಿದವರು, ನರ್ಸು, ಇಂಜಿನಿಯರು, ಬ್ಯಾಂಕಿನವರು, ಕೃಷಿ ಇಲಾಖೆಯವರು ಹಬ್ಬಕ್ಕೆ ಊರಿಗೆ ಬಂದವರೆಲ್ಲ ಒಂದು ಗಂಟೆ ಅಲ್ಲಿ ಬಂದು ಕೂರಿ ಎಂದು ಕೈಮುಗಿದು ಕೇಳುತ್ತೇನೆ. ಭಾಷಣ ಬೇಡ, ಮೈಕು ಬೇಡ. ಮಕ್ಕಳು ತಾವಾಗಿ ಹತ್ತಿರ ಬರುವವರೆಗೆ ಸುಮ್ಮನೆ ಕೂರೋಣ. ಬಂದವರನ್ನು ಹೆಸರು ಕೇಳಿ ಮಾತಾಡಿಸೋಣ. ದ್ರಾಕ್ಷಿ ಮಂಡಿಯ ಆ ಹುಡುಗನೂ ಬರುತ್ತೇನೆ ಎಂದಿದ್ದಾನೆ. ಅರಿಯರ್ ವಿಷಯ ಯಾರಾದರೂ ಕೇಳಿದರೆ ತಾನೇ ಹೇಳುತ್ತಾನಂತೆ.

ನಂದಗೋಪಾಲ ನಮ್ಮ ದನಗಳನ್ನೂ ಮಕ್ಕಳನ್ನೂ ಕಾಯಲಿ. ಕಾಯುವ ಬುದ್ಧಿಯನ್ನು ನಮಗೂ ಕೊಡಲಿ.